ಮಕ್ಕಳು ದೊಡ್ಡವರಾದರೆಂದು ಹಿಂದಿನವರು ಯಾವಾಗ ಒಪ್ಪುತ್ತಿದ್ದರು?

ಪ್ರಶ್ನೆ: ಮುಳಬಾಗಿಲಿನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪೋಷಕರ ಸಭೆ ನಡೆದಾಗಲೆಲ್ಲ ಹಿರಿಯರೊಬ್ಬರಾದರೂ ಎದ್ದು ನಿಲ್ಲುತ್ತಾರೆ. ತಮ್ಮ ಕಾಲದಲ್ಲಿ ಹದಿನಾರು ತುಂಬುವಷ್ಟರಲ್ಲಿ ನೇಗಿಲು ಹಿಡಿದು ಮನೆಯ ಭಾರ ಹೊತ್ತಿದ್ದೆವು, ಈಗಿನವರು ಇಪ್ಪತ್ತೈದಾದರೂ ತಂದೆತಾಯಿಯ ಅನ್ನವನ್ನೇ ಉಣ್ಣುತ್ತಾರೆ ಎಂದು ನೊಂದು ಹೇಳುತ್ತಾರೆ. ಅದೇ ಸಭೆಯಲ್ಲಿ ಹದಿನೈದಕ್ಕೇ ಮದುವೆಯಾಗಿ ಬಂದ ತಾಯಂದಿರೂ ಕುಳಿತಿರುತ್ತಾರೆ. ಸಭೆಯಲ್ಲಿ ಅವರು ಏನನ್ನೂ ಹೇಳುವುದಿಲ್ಲ. ಮುಗಿದ ಮೇಲೆ ಬಂದು, ಮಗಳನ್ನು ಪಿಯುಸಿಯವರೆಗಾದರೂ ಓದಿಸುವಂತೆ ಅವರ ಅಪ್ಪನಿಗೆ ನೀವೇ ಒಂದು ಮಾತು ಹೇಳಿ ಎಂದು ಕೇಳುತ್ತಾರೆ.

ಹತ್ತನೆಯ ತರಗತಿಯ ಮಕ್ಕಳ ಮುಂದೆ ಈ ವಿಷಯವನ್ನು ಇತಿಹಾಸದ ಪ್ರಶ್ನೆಯಾಗಿ ಇಡಬೇಕೆಂದಿದ್ದೇನೆ. ಹಿಂದೆ ಎಲ್ಲರೂ ಬೇಗ ದೊಡ್ಡವರಾಗುತ್ತಿದ್ದರು, ಈಗ ಎಲ್ಲರೂ ತಡವಾಗಿ ಆಗುತ್ತಾರೆ ಎಂಬ ಮಾತು ಎಷ್ಟರಮಟ್ಟಿಗೆ ನಿಜ? ಪರದೇಶಗಳಲ್ಲೂ ಹೀಗೆಯೇ ಇತ್ತೇ? ಒಬ್ಬ ಹುಡುಗ ಅಥವಾ ಹುಡುಗಿ ದೊಡ್ಡವರ ಸಾಲಿಗೆ ಸೇರಿದರೆಂದು ಸಮಾಜ ಒಪ್ಪಿಕೊಳ್ಳುತ್ತಿದ್ದುದು ಯಾವುದರಿಂದ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಸಂಬಂಧಿಸಿದ ಉದಾಹರಣೆಗಳು ಸಿಕ್ಕಿದರೆ ಮಕ್ಕಳಿಗೆ ಹತ್ತಿರವಾಗುತ್ತದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.


ಉತ್ತರ: ತುಮಕೂರಿನ ನಿವೃತ್ತ ಇತಿಹಾಸ ಉಪನ್ಯಾಸಕ

ಮೇಡಂ, ದುಡಿಮೆ, ಮದುವೆ, ಸ್ವಂತ ಒಲೆ, ಆಸ್ತಿಯ ಮೇಲಿನ ಅಧಿಕಾರ, ಕಾನೂನಿನ ಮಾನ್ಯತೆ ಇವೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕೂಡಿಬರುತ್ತಿದ್ದವು ಎಂಬ ನಂಬಿಕೆಯ ಮೇಲೆ ಆ ಹಿರಿಯರ ಮಾತು ನಿಂತಿದೆ. ನನಗೆ ತಿಳಿದಿರುವ ಮಟ್ಟಿಗೆ, ಅವು ಒಟ್ಟಿಗೆ ಬಂದ ಕಾಲ ಇತಿಹಾಸದಲ್ಲಿ ಬಹಳ ಕಡಿಮೆ.

ಪ್ರಾಚೀನ ರೋಮ್ ನಗರದಲ್ಲಿ ಹುಡುಗನೊಬ್ಬ ಹದಿನಾಲ್ಕರಿಂದ ಹದಿನೇಳರ ನಡುವೆ, ಬಾಲ್ಯದಿಂದ ಕೊರಳಲ್ಲಿದ್ದ ತಾಯಿತವನ್ನು ಮನೆದೇವರ ಮುಂದೆ ತೆಗೆದಿಟ್ಟು, ಗಂಡಸರು ಉಡುವ ಬಿಳಿಯ ಟೋಗಾ ಉಟ್ಟು ಪೌರನಾಗುತ್ತಿದ್ದ. ಅಲ್ಲಿಗೆ ಅವನು ದೊಡ್ಡವನಾದನೆಂದು ನಾವು ಭಾವಿಸಬಹುದು. ಆದರೆ ರೋಮನ್ ಕಾನೂನಿನ ಪ್ರಕಾರ ತಂದೆ ಬದುಕಿರುವವರೆಗೆ, ಮಗನಿಗೆ ನಲವತ್ತಾಗಿದ್ದರೂ, ಅವನು ತಂದೆಯ ಅಧೀನನೇ ಆಗಿದ್ದ. ಅವನು ಗಳಿಸಿದ್ದು ಸಹ ತಂದೆಯ ಸೊತ್ತಾಗಿರುತ್ತಿತ್ತು. ಇತ್ತ ತಂದೆಯನ್ನು ಕಳೆದುಕೊಂಡ ತರುಣ ಕಾನೂನಿನಲ್ಲಿ ಸ್ವತಂತ್ರನಾಗಿದ್ದರೂ, ಇಪ್ಪತ್ತೈದು ತುಂಬುವವರೆಗೆ ಅವನನ್ನು ವ್ಯವಹಾರದಲ್ಲಿ ಯಾರೂ ವಂಚಿಸದಂತೆ ಬೇರೊಂದು ರಕ್ಷಣೆ ಇತ್ತು. ಒಬ್ಬನೇ ವ್ಯಕ್ತಿ ಮೂರು ಬೇರೆ ಬೇರೆ ವಯಸ್ಸಿನಲ್ಲಿ ಮೂರು ಬಗೆಯಾಗಿ ದೊಡ್ಡವನಾಗುತ್ತಿದ್ದ.

ನಮ್ಮಲ್ಲೂ ಹಾಗೆಯೇ. ಕೌಟಿಲ್ಯನ ಅರ್ಥಶಾಸ್ತ್ರವು ಹೆಣ್ಣು ಹನ್ನೆರಡಕ್ಕೆ, ಗಂಡು ಹದಿನಾರಕ್ಕೆ ವ್ಯವಹಾರಕ್ಕೆ ಅರ್ಹರು ಎನ್ನುತ್ತದೆ. ಧರ್ಮಶಾಸ್ತ್ರಗಳು ಉಪನಯನಕ್ಕೆ ಬ್ರಾಹ್ಮಣರಿಗೆ ಎಂಟು, ಕ್ಷತ್ರಿಯರಿಗೆ ಹನ್ನೊಂದು, ವೈಶ್ಯರಿಗೆ ಹನ್ನೆರಡನೆಯ ವರ್ಷವನ್ನು ಹೇಳುತ್ತವೆ. ಉಪನಯನವಾದವನು ಗೃಹಸ್ಥನಾಗುತ್ತಿರಲಿಲ್ಲ, ವಿದ್ಯಾರ್ಥಿಯಾಗುತ್ತಿದ್ದ. ಅಂದರೆ ದೀರ್ಘವಾದ ಕಾಯುವಿಕೆಯೊಂದು ಅಲ್ಲಿ ಶುರುವಾಗುತ್ತಿತ್ತು. ಇನ್ನು ಒಕ್ಕಲು ಮನೆಗಳ ಅವಿಭಕ್ತ ಕುಟುಂಬವನ್ನು ನೋಡಿ. ಹದಿನಾರಕ್ಕೆ ನೇಗಿಲು ಹಿಡಿದವನು ದುಡಿಯುವವನಾದದ್ದು ನಿಜ, ಇಪ್ಪತ್ತಕ್ಕೆ ಮದುವೆಯಾದದ್ದೂ ನಿಜ. ಆದರೆ ರಾಗಿಯನ್ನು ಯಾವಾಗ ಮಾರಬೇಕು, ಯಾವ ಎತ್ತು ಕೊಳ್ಳಬೇಕು, ತಂಗಿಯನ್ನು ಎಲ್ಲಿಗೆ ಕೊಡಬೇಕು ಎಂಬುದನ್ನು ಅವನು ತೀರ್ಮಾನಿಸುತ್ತಿರಲಿಲ್ಲ. ಯಜಮಾನಿಕೆ ತಂದೆಯಲ್ಲಿ, ತಂದೆಯ ನಂತರ ದೊಡ್ಡಣ್ಣನಲ್ಲಿ ಇರುತ್ತಿತ್ತು. ಪಾಲು ಆಗುವವರೆಗೆ, ಎರಡು ಮಕ್ಕಳ ತಂದೆಯೂ ಆ ಮನೆಯಲ್ಲಿ ಹುಡುಗನೇ. ನಿಮ್ಮ ಸಭೆಯ ಹಿರಿಯರು ಹೊತ್ತದ್ದು ಮನೆಯ ಭಾರವನ್ನು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಮನೆಯ ಬೀಗದಕೈ ಎಷ್ಟನೆಯ ವಯಸ್ಸಿಗೆ ಅವರ ಕೈಗೆ ಬಂತು ಎಂಬುದನ್ನೂ ಗೌರವದಿಂದ ಕೇಳಿ ನೋಡಬೇಕು.

ಪಶ್ಚಿಮ ಯುರೋಪಿನ ಕಥೆ ಇನ್ನೂ ಬೇರೆ, ಮತ್ತು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಆಶ್ಚರ್ಯ ತರುತ್ತಿದ್ದುದು ಇದೇ ಭಾಗ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಮಾನ್ಯ ಜನರ ಮದುವೆಯ ಸರಾಸರಿ ವಯಸ್ಸು ಹೆಣ್ಣಿಗೆ ಸುಮಾರು 25-26, ಗಂಡಿಗೆ 27-28. ಕಾರಣ, ಅಲ್ಲಿ ಮದುವೆಯೆಂದರೆ ಗಂಡಹೆಂಡಿರು ಬೇರೆ ಮನೆ ಹೂಡುವುದು. ಅದಕ್ಕೆ ಬೇಕಾದ ಹಣ ಕೂಡಿಸುವುದಕ್ಕಾಗಿ ಹದಿಹರೆಯದ ಹುಡುಗ ಹುಡುಗಿಯರು ತಂದೆಯ ಮನೆ ಬಿಟ್ಟು, ಬೇರೆಯವರ ಮನೆಗಳಲ್ಲಿ ವರ್ಷದ ಕರಾರಿನ ಮೇಲೆ ಆಳುಗಳಾಗಿ ಅನೇಕ ವರ್ಷ ದುಡಿಯುತ್ತಿದ್ದರು. ಬಡವರ ಮಕ್ಕಳು ಮಾತ್ರವಲ್ಲ, ಸಾಕಷ್ಟು ಅನುಕೂಲಸ್ಥ ರೈತರ ಮಕ್ಕಳೂ ಹೀಗೆ ಹೋಗುತ್ತಿದ್ದರು. ಪಟ್ಟಣಗಳಲ್ಲಿ ಕಸುಬು ಕಲಿಯುವವರಿಗೆ 1563ರ ಕಾಯಿದೆಯು ಕನಿಷ್ಠ ಏಳು ವರ್ಷಗಳ ಶಿಷ್ಯವೃತ್ತಿಯನ್ನು ಕಡ್ಡಾಯ ಮಾಡಿ, ಅದು 24 ತುಂಬುವ ಮುನ್ನ ಮುಗಿಯಬಾರದೆಂದು ವಿಧಿಸಿತ್ತು. ಆ ಅವಧಿಯಲ್ಲಿ ಶಿಷ್ಯ ಮದುವೆಯಾಗುವಂತಿರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ರಿಯೆಸ್ಟ್‌ವರೆಗೆ ಒಂದು ಗೆರೆ ಎಳೆದರೆ, ಅದರ ಪಶ್ಚಿಮಕ್ಕೆ ತಡವಾದ ಮದುವೆ, ಪೂರ್ವಕ್ಕೆ ಬೇಗನೆಯ ಮದುವೆ ಎಂದು ಜಾನ್ ಹಜ್ನಾಲ್ ಎಂಬ ವಿದ್ವಾಂಸರು 1965ರಲ್ಲಿ ತೋರಿಸಿಕೊಟ್ಟರು.

ಅಮೆರಿಕದ ಅಂಕಿಗಳನ್ನೂ ಮಕ್ಕಳಿಗೆ ತೋರಿಸಿ. ಮೊದಲ ಮದುವೆಯ ಮಧ್ಯಾಂಕ ವಯಸ್ಸು, ಅಂದರೆ ಅರ್ಧದಷ್ಟು ಜನ ಅದಕ್ಕೆ ಮೊದಲು, ಉಳಿದರ್ಧ ಜನ ಅದರ ನಂತರ ಮದುವೆಯಾಗುವ ವಯಸ್ಸು, ಗಂಡಸರಿಗೆ 1890ರಲ್ಲಿ 26 ಇತ್ತು, 1956ರಲ್ಲಿ 22.5ಕ್ಕೆ ಇಳಿಯಿತು, ಈಗ 30ರ ಆಸುಪಾಸಿನಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಶಾಲೆ ಮುಗಿಸಿದ ಕೂಡಲೇ ಕಾರ್ಖಾನೆಯಲ್ಲಿ ಖಾಯಂ ಕೆಲಸವೂ, ಒಬ್ಬರ ಸಂಬಳದಲ್ಲಿ ಸಂಸಾರ ನಡೆಸುವ ಅನುಕೂಲವೂ ದೊರೆತಿದ್ದರಿಂದ ಆ ಇಳಿತ ಉಂಟಾಯಿತು. ಆ ಒಂದೆರಡು ದಶಕಗಳನ್ನೇ ಅಳತೆಗೋಲಾಗಿಟ್ಟುಕೊಂಡು ಈಗಿನವರು ತಡಮಾಡುತ್ತಿದ್ದಾರೆ ಎನ್ನುವುದು ಸರಿಯಾದ ಇತಿಹಾಸವಲ್ಲ.


ಉತ್ತರ: ಶಿಡ್ಲಘಟ್ಟದ ಓದುಗಿ

ಮೇಷ್ಟರು ವಿವರವಾಗಿ ಬರೆದಿದ್ದಾರೆ, ಗೌರವವಿದೆ. ಆದರೆ ಬೀಗದಕೈ ಎಂದು ಕೈಗೆ ಬಂತು ಎಂಬುದು ಬಹುಮಟ್ಟಿಗೆ ಗಂಡು ಮಕ್ಕಳಿಗೆ ಕೇಳುವ ಪ್ರಶ್ನೆ. ಹೆಣ್ಣು ಮಕ್ಕಳ ವಿಷಯದಲ್ಲಿ ದೊಡ್ಡವಳಾದಳೆಂದು ತೀರ್ಮಾನಿಸಿದ್ದು ಅವಳ ಶರೀರ, ಸಾರಿ ಹೇಳಿದ್ದು ಊರು. ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಿದ್ದರು. ಅವಳನ್ನು ಅದರಲ್ಲಿ ಕೂರಿಸಿ, ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸಿ, ನೀರೆರೆದು, ನೆರೆಹೊರೆಯ ಮುತ್ತೈದೆಯರನ್ನು ಕರೆದು ಆರತಿ ಮಾಡುತ್ತಿದ್ದರು. ಪ್ರೀತಿ ತುಂಬಿದ ಆಚರಣೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಆರತಿಯ ನಂತರ ಅವಳ ಓಡಾಟ ಕಡಿಮೆಯಾಗುತ್ತಿತ್ತು, ಶಾಲೆ ನಿಲ್ಲುತ್ತಿತ್ತು, ವರನನ್ನು ಹುಡುಕುವ ಮಾತು ಏಳುತ್ತಿತ್ತು. ಹುಡುಗ ದೊಡ್ಡವನಾದರೆ ಅವನ ಪ್ರಪಂಚ ಹಿಗ್ಗುತ್ತಿತ್ತು. ಹುಡುಗಿ ದೊಡ್ಡವಳಾದರೆ ಅವಳ ಪ್ರಪಂಚ ಮನೆಯ ಹಿತ್ತಲಿಗೆ ಇಳಿಯುತ್ತಿತ್ತು.

ಇದಕ್ಕಿಂತ ಹಿಂದಿನ ಕಾಲದಲ್ಲಿ, ವಿಶೇಷವಾಗಿ ಬ್ರಾಹ್ಮಣ ಮನೆತನಗಳಲ್ಲಿ, ಮದುವೆಯೇ ಮೈನೆರೆಯುವುದಕ್ಕೆ ಮೊದಲು ಮುಗಿದಿರಬೇಕಿತ್ತು. ಮದುವೆಯಾದ ಹುಡುಗಿ ತವರಿನಲ್ಲೇ ಇದ್ದು, ಮೈನೆರೆದ ಮೇಲೆ ಪ್ರಸ್ತ ಮಾಡಿ ಗಂಡನ ಮನೆಗೆ ಕಳುಹಿಸುತ್ತಿದ್ದರು. ಆ ನಡುವೆ ಗಂಡ ತೀರಿಕೊಂಡರೆ, ಸಂಸಾರವೆಂದರೇನೆಂದು ತಿಳಿಯದ ಮಗು ಜೀವಮಾನವಿಡೀ ವಿಧವೆಯಾಗಿ ಉಳಿಯುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಹೆಣ್ಣು ಮಕ್ಕಳ ಮದುವೆಯ ಸರಾಸರಿ ವಯಸ್ಸು ಸುಮಾರು 13, ಗಂಡಿಗೆ ಸುಮಾರು 20. ಬೇಗ ದೊಡ್ಡವರಾಗುತ್ತಿದ್ದರು ಎಂದು ಹೆಮ್ಮೆಯಿಂದ ಹೇಳುವವರು ಈ ಎರಡು ಸಂಖ್ಯೆಗಳ ನಡುವಿನ ಏಳು ವರ್ಷಗಳ ಅಂತರವನ್ನೂ ನೋಡಬೇಕು.

ಕಾನೂನಿನ ಹಾದಿಯನ್ನು ಮಕ್ಕಳಿಗೆ ಹೇಳುವುದಾದರೆ ಮೈಸೂರಿನಿಂದಲೇ ಆರಂಭಿಸಬಹುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನವರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಇಂದು ಓದಿದರೆ ಎಂಟು ಎಂಬ ಸಂಖ್ಯೆಯೇ ಎದೆ ನಡುಗಿಸುತ್ತದೆ; ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆಯಾಗಿತ್ತು ಮತ್ತು ಅದಕ್ಕೂ ವಿರೋಧವಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹೆಣ್ಣಿಗೆ 14, ಗಂಡಿಗೆ 18 ಎಂದು ನಿಗದಿ ಮಾಡಿತು. 1949ರಲ್ಲಿ ಹೆಣ್ಣಿನ ವಯಸ್ಸು 15ಕ್ಕೆ ಏರಿತು, 1978ರಲ್ಲಿ 18 ಮತ್ತು 21 ಆಯಿತು. 2006ರ ಕಾಯಿದೆಯು ಬಾಲ್ಯವಿವಾಹವನ್ನು ನಿಷೇಧಿಸಿದರೂ ನಡೆದುಹೋದ ಮದುವೆಯನ್ನು ತಾನಾಗಿಯೇ ಅಸಿಂಧುವೆಂದಿರಲಿಲ್ಲ. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ ಅಂಥ ಮದುವೆ ಆರಂಭದಿಂದಲೇ ಅಸಿಂಧು ಎಂದಿತು. ಇಷ್ಟಾದರೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಶೇಕಡ 21ರಷ್ಟು ಮಂದಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು.

ನನ್ನ ಊರಿನ ಇನ್ನೊಂದು ಸಂಗತಿ. ಶಿಡ್ಲಘಟ್ಟ ರೇಷ್ಮೆಯ ಊರು. ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದಲ್ಲಿ, ಕುದಿನೀರಿನಲ್ಲಿ ಎಳೆಯ ಕೈಗಳು ಬೆಂದು ಬೆಳ್ಳಗಾಗಿದ್ದ ಕಾಲವನ್ನು ನಮ್ಮ ತಲೆಮಾರಿನವರು ಕಣ್ಣಾರೆ ಕಂಡಿದ್ದೇವೆ. ತಂದೆ ಮುಂಗಡ ಪಡೆದಿರುತ್ತಿದ್ದರು, ಮಗು ಅದನ್ನು ದುಡಿದು ತೀರಿಸಬೇಕಿತ್ತು. 1986ರ ಬಾಲಕಾರ್ಮಿಕ ಕಾಯಿದೆ, ಆಮೇಲೆ ಕಡ್ಡಾಯ ಶಿಕ್ಷಣ, ಬಿಸಿಯೂಟ, ಹೆಣ್ಣು ಮಕ್ಕಳಿಗೆ ಸೈಕಲ್, ಇವೆಲ್ಲ ಸೇರಿ ಆ ಚಿತ್ರ ಬಹಳ ಮಟ್ಟಿಗೆ ಬದಲಾಗಿದೆ. ಆ ಮಕ್ಕಳು ಎಂಟು ಹತ್ತು ವರ್ಷಕ್ಕೆ ಸಂಪಾದಿಸುತ್ತಿದ್ದರು ಎಂಬ ಕಾರಣಕ್ಕೆ ಅವರನ್ನು ದೊಡ್ಡವರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರಿಂದ ಬಾಲ್ಯವನ್ನು ಕಿತ್ತುಕೊಳ್ಳಲಾಗಿತ್ತು, ಅಷ್ಟೇ. ಇಂದು ಅದೇ ಬೀದಿಗಳ ಹೆಣ್ಣು ಮಕ್ಕಳು ಡಿಪ್ಲೊಮಾ ಮುಗಿಸಿ, ನರಸಾಪುರದ ಕೈಗಾರಿಕಾ ಪ್ರದೇಶಕ್ಕೋ ದೇವನಹಳ್ಳಿಯ ಕಡೆಗೋ ಕಂಪನಿಯ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ, ಪಿಜಿಗಳಲ್ಲಿ ಇರುತ್ತಾರೆ, ಸಂಬಳ ತಮ್ಮದೇ ಖಾತೆಗೆ ಬರುತ್ತದೆ. ಮದುವೆಗೂ ಮುನ್ನ, ತವರಿನದೂ ಅಲ್ಲದ ಗಂಡನದೂ ಅಲ್ಲದ ಕೆಲವು ವರ್ಷಗಳು ನಮ್ಮ ಕಡೆಯ ಸಾಮಾನ್ಯ ಮನೆಗಳ ಹುಡುಗಿಯರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ದೊರೆಯುತ್ತಿರುವುದು ಇದೇ ಮೊದಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ತಡ ಎಂದು ಕರೆಯಬೇಡಿ, ಮೇಡಂ.


ಉತ್ತರ: ಬಂಗಾರಪೇಟೆಯಿಂದ ಒಬ್ಬರು

ಮೇಲಿನ ಸಹೋದರಿಯ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ನಾನು ಸೇರಿಸಬೇಕಾದದ್ದು ಜಾತಿಯ ವಿಷಯ.

ನಮ್ಮ ಕೇರಿಗಳಲ್ಲಿ ಗಂಡು ಮಗುವಿಗೆ ಏಳೆಂಟು ವರ್ಷವಾದರೆ ಗೌಡರ ಮನೆಯಲ್ಲಿ ದನ ಕಾಯಲು ಬಿಡುತ್ತಿದ್ದರು. ಅಕ್ಕನ ಮದುವೆಗೆ ತಂದ ಸಾಲಕ್ಕೋ, ಅಪ್ಪನ ಕಾಯಿಲೆಗೆ ತಂದ ಸಾಲಕ್ಕೋ ಅವನು ಜೀತದಾಳು. ವರ್ಷಕ್ಕೆ ಇಷ್ಟು ರಾಗಿ, ಒಂದು ಜೊತೆ ಬಟ್ಟೆ, ಒಂದು ಕಂಬಳಿ. ಅವನು ಬೆಳೆದು, ಮದುವೆಯಾಗಿ, ತಲೆ ನರೆತರೂ ಗೌಡರ ಮನೆಯ ಹತ್ತು ವರ್ಷದ ಮಗು ಸಹ ಅವನನ್ನು ಏಕವಚನದಲ್ಲಿ ಕರೆಯುತ್ತಿತ್ತು. ಎಳವೆಯಲ್ಲೇ ದುಡಿಮೆಗೆ ಬಿದ್ದವನನ್ನು ಮುಪ್ಪಿನವರೆಗೂ ದೊಡ್ಡ ಮನುಷ್ಯನೆಂದು ಒಪ್ಪದ ಸಮಾಜ ಅದು. ಮೇಷ್ಟರು ಹೇಳಿದ ಯಜಮಾನಿಕೆಯ ಪ್ರಶ್ನೆ ಭೂಮಿ ಇದ್ದವರ ಪ್ರಶ್ನೆ. ಜೀತ ಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆ, ಮತ್ತು ಅದನ್ನು ಜಾರಿಗೆ ತರಿಸಲು ಕೋಲಾರದ ಹಳ್ಳಿಗಳಲ್ಲಿ ದಲಿತ ಸಂಘಟನೆಗಳು ನಡೆಸಿದ ಹೋರಾಟ, ಇವೆರಡೂ ನಿಮ್ಮ ಪಾಠದಲ್ಲಿ ಬರಬೇಕೆಂದು ಕೋರುತ್ತೇನೆ.

ಇದಕ್ಕೆ ಪ್ರತಿಯಾಗಿ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಪ್ರದೇಶ, ಇತ್ತು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿ ಆರಂಭಿಸಿದಾಗ, ಉತ್ತರ ಆರ್ಕಾಟ್ ಮೊದಲಾದ ತಮಿಳು ಜಿಲ್ಲೆಗಳ ಹೊಲಗಳಲ್ಲಿ ಆಳುಗಳಾಗಿದ್ದವರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಗಣಿ, ಬಂಡೆ ಸಿಡಿತ, ಕಲ್ಲುಧೂಳಿನ ಶ್ವಾಸಕೋಶದ ಕಾಯಿಲೆ, ಎಲ್ಲವೂ ನಿಜ. ಆದರೂ ತಿಂಗಳಿಗೆ ನಗದು ಕೂಲಿ, ಲೈನ್ ಮನೆ, ಸಂಘ ಕಟ್ಟುವ ಹಕ್ಕು ಸಿಕ್ಕಿದವು. ತಂದೆ ನಿವೃತ್ತನಾದರೆ ಅಥವಾ ತೀರಿಕೊಂಡರೆ ಮಗನಿಗೆ ಕೆಲಸ ಸಿಗುತ್ತದೆಂಬ ನಂಬಿಕೆ ಮನೆಮನೆಯಲ್ಲಿತ್ತು. ಗಣಿಯ ಕೆಲಸದ ಚೀಟಿ ಕೈಗೆ ಬಂದ ದಿನ ಹುಡುಗ ಗಂಡಸಾದ ಎಂದು ಲೆಕ್ಕ. ಹೆಣ್ಣು ಕೊಡುವವರು ಬರುತ್ತಿದ್ದರು, ಅಂಗಡಿಯಲ್ಲಿ ಸಾಲ ಹುಟ್ಟುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದದ್ದು ತಂದೆಯರಿಗೆ ಮಾತ್ರವಲ್ಲ. ಆಗ ಹದಿನೆಂಟು ಇಪ್ಪತ್ತರಲ್ಲಿದ್ದ ಮಕ್ಕಳಿಗೆ ದೊಡ್ಡವರಾಗುವ ದಾರಿಯೇ ಒಮ್ಮೆಲೇ ಇಲ್ಲವಾಯಿತು. ಅವರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವ ಬದುಕನ್ನು ಕಟ್ಟಿಕೊಂಡರು.

ಓದಿನ ದಾರಿ ಇನ್ನೊಂದು. ಅದು ಸಹ ಕೆಲವರಿಗೆ ಮಾತ್ರ ತೆರೆದಿತ್ತು, ಮತ್ತು ಅಲ್ಲಿ ಕಾಯುವಿಕೆ ದೀರ್ಘವಾಗಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಡುಗರಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಗಳಿಸುತ್ತ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ್ದು 1884ರಲ್ಲಿ, ಇಪ್ಪತ್ತು ದಾಟಿದ ಮೇಲೆ. ನಿಮ್ಮದೇ ಮುಳಬಾಗಿಲಿನ ಡಿ.ವಿ.ಜಿ. ಅವರು ಮೆಟ್ರಿಕ್ಯುಲೇಷನ್ ದಾಟಲಾಗದೆ, ಸಣ್ಣಪುಟ್ಟ ಕೆಲಸಗಳಲ್ಲಿ ಅಲೆದು, ಕೊನೆಗೆ ಬೆಂಗಳೂರಿನ ಪತ್ರಿಕೆಗಳಲ್ಲಿ ನೆಲೆ ಕಂಡರು. ಆ ಅಲೆದಾಟದ ಹೊತ್ತಿಗಾಗಲೇ ಅವರು ಸಂಸಾರಸ್ಥರು. ಗೌರಿಬಿದನೂರು ಕಡೆಯ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರು ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ, ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಮದುವೆ ಮತ್ತು ಮನೆಯೇ ಪ್ರಬುದ್ಧತೆಯ ಗುರುತು ಎನ್ನುವವರ ಮುಂದೆ ಅವರ ಬದುಕನ್ನು ಇಟ್ಟು ನೋಡಬೇಕು.

ಒಂದನ್ನು ಗಮನಿಸಿ. ಈ ಹುಡುಗರು ಕಾಯುತ್ತಿದ್ದಾಗ ಅವರನ್ನು ಸಾಕಿದವರಿದ್ದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ ಇತ್ತು, ಉಚಿತ ವಿದ್ಯಾರ್ಥಿನಿಲಯಗಳಿದ್ದವು. ವಾರಾನ್ನ ನಮ್ಮ ಕೇರಿಯ ಮಕ್ಕಳಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮವರಿಗೆ ಆ ಆಸರೆ ಬಂದದ್ದು ಸರ್ಕಾರಿ ಹಾಸ್ಟೆಲುಗಳಿಂದ. ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದು ಸಹ ಈ ಇತಿಹಾಸದ ದೊಡ್ಡ ಭಾಗ. ಆ ಅನ್ನ ಇಲ್ಲದಿದ್ದರೆ ಎಷ್ಟೋ ಹುಡುಗರು ಹನ್ನೆರಡಕ್ಕೇ ಕೂಲಿಗೆ ಹೋಗಿರುತ್ತಿದ್ದರು.


ಉತ್ತರ: ತಿಪಟೂರಿನ ಯುವಕ

ನನಗೆ ಇಪ್ಪತ್ತೆಂಟು ವರ್ಷ. ಎಂ.ಎ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ, ತೋಟದ ಕೆಲಸವನ್ನೂ ಮಾಡುತ್ತೇನೆ. ಹಿರಿಯರು ಬರೆದದ್ದನ್ನು ಎರಡು ಬಾರಿ ಓದಿದೆ. ಬಂಗಾರಪೇಟೆಯ ಅಣ್ಣನವರ ಕೊನೆಯ ಮಾತಿನಿಂದ ನನ್ನ ಮಾತನ್ನು ಆರಂಭಿಸುತ್ತೇನೆ.

ಕಾಯುವುದು ಹೊಸದಲ್ಲ ಎಂದು ತಿಳಿದು ಸಮಾಧಾನವಾಯಿತು. ಆದರೆ ಇಂಗ್ಲೆಂಡಿನ ಆ ಶಿಷ್ಯನಿಗೆ ಏಳು ವರ್ಷ ಮುಗಿದ ಮೇಲೆ ಕಸುಬು ಕೈಯಲ್ಲಿರುತ್ತಿತ್ತು, ಗಣಿಯವರ ಮಗನಿಗೆ ಚೀಟಿ ಬರುತ್ತದೆಂಬ ಭರವಸೆಯಿತ್ತು. ನಮ್ಮ ಕಾಯುವಿಕೆಗೆ ಕೊನೆಯ ದಿನಾಂಕವಿಲ್ಲ. ಅಧಿಸೂಚನೆ ಬರುತ್ತದೆ, ಪರೀಕ್ಷೆ ಮುಂದೂಡುತ್ತದೆ, ಫಲಿತಾಂಶ ನ್ಯಾಯಾಲಯಕ್ಕೆ ಹೋಗುತ್ತದೆ, ಅಷ್ಟರಲ್ಲಿ ವಯೋಮಿತಿ ಹತ್ತಿರವಾಗುತ್ತದೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಯುವನಿಧಿ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಆರಂಭಿಸಿತು. ಹೆಚ್ಚೆಂದರೆ ಎರಡು ವರ್ಷ. ಆ ಹಣ ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ಬೇರೆ. ಓದು ಮುಗಿದವನಿಗೂ ಕೆಲಸಕ್ಕೂ ನಡುವೆ ಒಂದು ಅವಧಿ ಇದೆ, ಅದು ಅವನ ಸೋಮಾರಿತನದಿಂದ ಹುಟ್ಟಿದ್ದಲ್ಲ ಎಂದು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡದ್ದು ನನ್ನ ದೃಷ್ಟಿಯಲ್ಲಿ ಮುಖ್ಯ.

ಯಜಮಾನಿಕೆಯ ಮಾತು ಇಂದಿಗೂ ಹಾಗೆಯೇ ಇದೆ. ತೆಂಗಿಗೆ ನೀರು ಬಿಡುವವನು ನಾನು, ಕೊಬ್ಬರಿಯನ್ನು ಮಾರುಕಟ್ಟೆಗೆ ಒಯ್ಯುವವನೂ ನಾನು. ಆದರೆ ಪಹಣಿ ತಾತನ ಹೆಸರಿನಲ್ಲಿದೆ. ಸೊಸೈಟಿಯ ಬೆಳೆಸಾಲವಾಗಲಿ ಪಿಎಂ ಕಿಸಾನ್ ಹಣವಾಗಲಿ ಪಹಣಿಯಲ್ಲಿ ಹೆಸರಿದ್ದವರಿಗೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ, ಈಗ 70ರ ಹತ್ತಿರ. ಶಿಶುಮರಣ ಕಡಿಮೆಯಾದದ್ದು ಇದರ ದೊಡ್ಡ ಕಾರಣವಾದರೂ, ಹಿರಿಯರು ಹೆಚ್ಚು ಕಾಲ ಬದುಕುತ್ತಿರುವುದೂ ನಿಜ. ತಾತ ನೂರು ವರ್ಷ ಬಾಳಲಿ ಎಂದೇ ನನ್ನ ಹಾರೈಕೆ. ಅವರು ಬದುಕಿರುವಾಗಲೇ ಅಪ್ಪನಿಗೂ ನನಗೂ ಜವಾಬ್ದಾರಿಯನ್ನು ಕಾಗದದಲ್ಲಿ ಹಂಚಿಕೊಡುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ ಎಂಬುದು ನನ್ನ ಸಂಕಟ.

ಹೆಣ್ಣು ಸಿಗುತ್ತಿಲ್ಲ ಎಂಬುದನ್ನೂ ಹೇಳಬೇಕು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಕೆಲವರು ನಕ್ಕರು. ಅವರು ನಮ್ಮಂಥ ರೈತರ ಮಕ್ಕಳೇ. ಆದರೆ ಶಿಡ್ಲಘಟ್ಟದ ಅಕ್ಕನವರು ಬರೆದದ್ದನ್ನು ಓದಿದ ಮೇಲೆ, ಹುಡುಗಿಯರು ಹಳ್ಳಿಯ ಮನೆಗೆ ಬರಲು ಏಕೆ ಹಿಂಜರಿಯುತ್ತಾರೆಂಬುದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ ಎನ್ನಿಸುತ್ತದೆ. ಗಂಡನಿಗೇ ಯಜಮಾನಿಕೆ ಇಲ್ಲದ ಮನೆಯಲ್ಲಿ ಸೊಸೆಗೆ ಏನು ದಕ್ಕೀತು?


ಉತ್ತರ: ತುಮಕೂರಿನ ನಿವೃತ್ತ ಇತಿಹಾಸ ಉಪನ್ಯಾಸಕ

ಶಿಡ್ಲಘಟ್ಟ ಮತ್ತು ಬಂಗಾರಪೇಟೆಯ ಮಿತ್ರರು ಸೇರಿಸಿದ ವಿಚಾರಗಳು ನನ್ನ ಉತ್ತರಕ್ಕೆ ಬೇಕಾದವೇ ಆಗಿದ್ದವು, ಇಬ್ಬರಿಗೂ ವಂದನೆಗಳು. ತಿಪಟೂರಿನ ತಮ್ಮನಿಗೆ ಎರಡು ಮಾತು. ಹದಿಹರೆಯವೆಂಬುದನ್ನು ಒಂದು ಪ್ರತ್ಯೇಕ ಘಟ್ಟವೆಂದು ಮನಶ್ಶಾಸ್ತ್ರ ಗುರುತಿಸಿದ್ದೇ, ಅಮೆರಿಕದ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಅದರ ಬಗ್ಗೆ ವಿಸ್ತಾರವಾಗಿ ಬರೆದ ಮೇಲೆ. ಶಾಲೆ ಮಕ್ಕಳನ್ನು ಕಾರ್ಖಾನೆಯಿಂದ ಬಿಡಿಸಿಕೊಂಡ ಕಾಲ ಅದು. ಹದಿನೆಂಟರಿಂದ ಇಪ್ಪತ್ತೈದರವರೆಗಿನ ವರ್ಷಗಳೂ ಬೇರೆಯೇ ಒಂದು ಘಟ್ಟವೆಂದು ಜೆಫ್ರಿ ಆರ್ನೆಟ್ 2000ದಲ್ಲಿ ವಾದಿಸಿದರು. ಅವರು ಅದನ್ನು ಆಯ್ಕೆ ಮತ್ತು ಅನ್ವೇಷಣೆಯ ಕಾಲವೆಂದರು. ನೀವು ವಿವರಿಸಿದ ಕಾಲದಲ್ಲಿ ಅನ್ವೇಷಣೆಗಿಂತ ತಡೆ ಹೆಚ್ಚಾಗಿದೆ. ಆದ್ದರಿಂದ ಆ ಸಿದ್ಧಾಂತವನ್ನು ನಮ್ಮ ಹಳ್ಳಿಗಳಿಗೆ ನೇರವಾಗಿ ಅನ್ವಯಿಸುವುದು ಸರಿಯಾಗದು.

ಕಾನೂನು ಸಹ ಒಂದೇ ವಯಸ್ಸನ್ನು ಹಿಡಿದಿಲ್ಲ. 1875ರ ಕಾಯಿದೆ ಪ್ರಾಪ್ತ ವಯಸ್ಸನ್ನು 18 ಎಂದಿತು, ಆದರೂ 18ಕ್ಕೆ ಮತದ ಹಕ್ಕು ಸಿಕ್ಕಿದ್ದು 1989ರಲ್ಲಿ ಸಂವಿಧಾನದ 61ನೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ. ಅಲ್ಲಿಯವರೆಗೆ 21 ಆಗಬೇಕಿತ್ತು. ವಿಧಾನಸಭೆಗೆ ಸ್ಪರ್ಧಿಸಲು ಇಂದಿಗೂ 25 ಆಗಿರಬೇಕು. 2014ರ ರಾಷ್ಟ್ರೀಯ ಯುವನೀತಿ 15ರಿಂದ 29ರವರೆಗಿನವರನ್ನು ಯುವಜನರೆನ್ನುತ್ತದೆ.


ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಾಠ ಹೇಳುವ ಬದಲು ಮಕ್ಕಳಿಂದಲೇ ಕೆಲಸ ಮಾಡಿಸೋಣವೆಂದು ನಿರ್ಧರಿಸಿದ್ದೇನೆ. ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನವರನ್ನು ಕೇಳಿ, ಮೊದಲ ಕೂಲಿ ಅಥವಾ ಸಂಬಳ, ಮದುವೆ, ಜಮೀನು ಅಥವಾ ಮನೆ ತಮ್ಮ ಹೆಸರಿಗೆ ಬಂದದ್ದು, ಮೊದಲ ಮತದಾನ, ಈ ನಾಲ್ಕು ಆಗ ಅವರಿಗೆ ಎಷ್ಟು ವಯಸ್ಸಾಗಿತ್ತೆಂದು ಬರೆದು ತರಬೇಕು. ಈ ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ?


ಉತ್ತರ: ಶಿಡ್ಲಘಟ್ಟದ ಓದುಗಿ

ಒಳ್ಳೆಯ ಯೋಜನೆ, ಮೇಡಂ. ಆದರೆ ಅಜ್ಜಿಯರ ಸಾಲಿನಲ್ಲಿ ಮೂರನೆಯ ಕಾಲಂ ಬಹುಪಾಲು ಖಾಲಿಯಾಗಿಯೇ ಬರುತ್ತದೆ, ಅದಕ್ಕೆ ಮಕ್ಕಳನ್ನು ಮೊದಲೇ ಸಿದ್ಧಪಡಿಸಿ. ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡು ಮಕ್ಕಳ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲಿ ಕೊಟ್ಟಾಗ ಅದು ಅಲ್ಲಿಯವರೆಗೆ ಮದುವೆಯಾಗದಿದ್ದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಮದುವೆಯಾದವರಿಗೂ ಸಿಕ್ಕಿದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ಹಕ್ಕು ಇದ್ದರೂ ತಮ್ಮಂದಿರ ಮುಖ ನೋಡಿ ಬಿಟ್ಟುಕೊಟ್ಟವರೇ ಹೆಚ್ಚು. ಆದ್ದರಿಂದ ಹೆಂಗಸರಿಗೆ ಇನ್ನೊಂದು ಪ್ರಶ್ನೆ ಸೇರಿಸಿ: ಯಾರನ್ನೂ ಕೇಳದೆ ತಾನೇ ತೀರ್ಮಾನಿಸಿ ಹಣ ಖರ್ಚು ಮಾಡಿದ್ದು ಮೊದಲ ಬಾರಿಗೆ ಎಷ್ಟನೆಯ ವಯಸ್ಸಿನಲ್ಲಿ? ಸ್ತ್ರೀಶಕ್ತಿ ಸಂಘಗಳ ಕಾಲದಿಂದ ಈಚಿನವರು ಇದಕ್ಕೆ ಉತ್ತರ ಕೊಡುತ್ತಾರೆ. ಅವರಿಗಿಂತ ಹಿರಿಯರು ಯೋಚಿಸಲು ಸಮಯ ಕೇಳಬಹುದು. ಮಕ್ಕಳು ಅವಸರ ಮಾಡದೆ ಅವರ ಪಕ್ಕದಲ್ಲಿ ಕುಳಿತು, ಅವರು ಹೇಳಿದಂತೆಯೇ ಬರೆದುಕೊಳ್ಳಲಿ.